ಆರು ಚಕ್ರವಿದ್ದರೆ ಸಾಕೇ?

ಎರಡಕ್ಕಿಂತ ನಾಲ್ಕು ಮೇಲು, ನಾಲ್ಕಕ್ಕಿಂತ ಆರು ಮೇಲು. ರಸ್ತೆಯಿಲ್ಲದ ಕಡೆ ಓಡುವ ಗಾಡಿಗಳ ಮಾತು ಬಂದಾಗ ಜನ ಹಾಕುವ ಲೆಕ್ಕ ಇಷ್ಟೇ. ಇದು ಅರ್ಧ ಸರಿ, ಅರ್ಧ ತಪ್ಪು. ಎರಡನ್ನೂ ಒಂದೇ ಮೈಯಲ್ಲಿ ತೋರಿಸುವ ಗಾಡಿ ಆಸ್ಟ್ರಿಯಾದ ಪಿಂಟ್ಸ್‌ಗಾವರ್ 712.

ಗ್ರಾಟ್ಸ್ ನಗರದ ಸ್ಟೈಯರ್-ಡೈಮ್ಲರ್-ಪುಖ್ ಕಂಪನಿ 1971ರಿಂದ ಈ ಗಾಡಿಗಳನ್ನು ಕಟ್ಟಿತು. ನಾಲ್ಕು ಚಕ್ರದ್ದು 710, ಆರು ಚಕ್ರದ್ದು 712. ವಿನ್ಯಾಸದ ಹಿಂದಿದ್ದವರು ಎರಿಕ್ ಲೆಡ್ವಿಂಕಾ. ಇವರ ತಂದೆ ಹಾನ್ಸ್ ಲೆಡ್ವಿಂಕಾ ಚೆಕ್ ನಾಡಿನ ಟಾಟ್ರಾ ಗಾಡಿಗಳಿಗೆ ಬೆನ್ನೆಲುಬಿನಂಥ ಒಂದೇ ಕೊಳವೆಯ ಛಾಸಿ ಕೊಟ್ಟವರು. ಮಗನೂ ಅದೇ ದಾರಿ ಹಿಡಿದರು. ನಡುವೆ ದಪ್ಪ ಉಕ್ಕಿನ ಕೊಳವೆ, ಶಕ್ತಿ ಸಾಗಿಸುವ ಶಾಫ್ಟ್ ಅದರೊಳಗೇ ಭದ್ರ. ಕೊಳವೆಯ ಎರಡೂ ಬದಿಗೆ ಅರ್ಧರ್ಧ ಆಕ್ಸಲ್‌ಗಳು, ಒಂದಕ್ಕೊಂದು ಹಂಗಿಲ್ಲದೆ ಮೇಲೆ ಕೆಳಗೆ ಆಡುತ್ತವೆ. ಚಕ್ರದ ಹಬ್‌ನಲ್ಲೇ ಒಂದು ಜೊತೆ ಹಲ್ಲುಚಕ್ರ ಇಟ್ಟು ಆಕ್ಸಲನ್ನು ಚಕ್ರದ ನಡುಮಟ್ಟಕ್ಕಿಂತ ಮೇಲೆತ್ತಿದ್ದಾರೆ. ಹೀಗಾಗಿ ಗಾಡಿಯ ಹೊಟ್ಟೆಗೂ ನೆಲಕ್ಕೂ ಸುಮಾರು 33 ಸೆಂಟಿಮೀಟರ್ ಅಂತರ ಉಳಿಯುತ್ತದೆ. ಕಲ್ಲಿಗೆ ತಗಲಿ ಮುರಿಯುವಂಥದ್ದು ಕೆಳಗೆ ಏನೂ ಜೋತಾಡುವುದಿಲ್ಲ.

ಇಷ್ಟಕ್ಕೂ ಎಂಜಿನ್ ಎಂಥದ್ದು? ಗಾಳಿಯಿಂದ ತಣಿಯುವ ಎರಡೂವರೆ ಲೀಟರಿನ ಪೆಟ್ರೋಲ್ ಎಂಜಿನ್, 87 ಅಶ್ವಶಕ್ತಿ. ಇಂದಿನ ಎಷ್ಟೋ ಸಾಮಾನ್ಯ ಕಾರುಗಳಿಗೂ ಇದಕ್ಕಿಂತ ಹೆಚ್ಚಿರುತ್ತದೆ. ಇದು ಕೊರತೆಯಲ್ಲ ಎನ್ನುವವನು ನಾನು. ಶಕ್ತಿ ಕಡಿಮೆಯಿದ್ದರೆ ಆಕ್ಸಿಲರೇಟರ್ ತುಳಿದು ತಪ್ಪು ಮುಚ್ಚಿಕೊಳ್ಳಲು ಬರುವುದಿಲ್ಲ. ಏರು ಹತ್ತುವ ಮೊದಲೇ ಸರಿಯಾದ ಗೇರ್ ಆರಿಸಿರಬೇಕು.

ಎರಡು ಚಕ್ರ ಹೆಚ್ಚಾಗಿದ್ದರಿಂದ ಸಿಕ್ಕಿದ್ದೇನು? ಮೊದಲನೆಯದು, ಭಾರ ಹಂಚಿಕೆ. ಒಂದೊಂದು ಟಯರಿನ ಪಾಲು ಇಳಿದಷ್ಟೂ ಅದು ಮೆತ್ತನೆಯ ನೆಲದಲ್ಲಿ ಹೂತುಕೊಳ್ಳುವುದು ಕಡಿಮೆ. ಮುಂದಿನ ಚಕ್ರ ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಹಿಂದಿನವು ಬರುವುದರಿಂದ ಅವಕ್ಕೆ ಶ್ರಮವೂ ಕಡಿಮೆ. 712ರಲ್ಲಿ ಹಿಂದಿನ ಎರಡು ಆಕ್ಸಲ್‌ಗಳಿಗೆ ಲೀಫ್ ಸ್ಪ್ರಿಂಗ್ ಹಂಚಿಕೆಯಾಗಿದೆ. ನಡುವಿನ ಚಕ್ರ ದಿಣ್ಣೆ ಹತ್ತಿದರೆ ಕೊನೆಯದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಎರಡನೆಯದು, ಹಳ್ಳ ದಾಟುವಾಗ ಹೆಚ್ಚಿನ ಚಕ್ರಗಳ ಬೆಲೆ ಗೊತ್ತಾಗುತ್ತದೆ. ಮುಂದಿನ ಚಕ್ರ ಹಳ್ಳಕ್ಕೆ ಇಳಿದಾಗ ಹಿಂದಿನ ನಾಲ್ಕು ದೂಡುತ್ತವೆ, ಕೊನೆಯ ಜೋಡಿ ಇಳಿದಾಗ ಮುಂದಿನ ನಾಲ್ಕು ಎಳೆಯುತ್ತವೆ.

ಆದರೆ ಇದೇ ಹಿಂದಿನ ಎರಡು ಆಕ್ಸಲ್‌ಗಳು ತಿರುವಿನಲ್ಲಿ ಕೈಕೊಡುತ್ತವೆ. ಆ ನಾಲ್ಕು ಚಕ್ರಗಳಿಗೆ ನೇರವಾಗಿ ಹೋಗುವುದೇ ಇಷ್ಟ. ಸ್ಟೇರಿಂಗ್ ತಿರುಗಿಸಿದರೆ ಅವು ನೆಲ ಉಜ್ಜುತ್ತ ಗಾಡಿಯ ಮೂತಿಯನ್ನು ತಿರುವಿನ ಹೊರಕ್ಕೆ ದೂಡುತ್ತವೆ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಡಿಫ್ ಲಾಕ್ ಬಿಡಿಸದೆ ತಿರುಗಿಸಿದಿರೋ, ಸ್ಟೇರಿಂಗ್ ಒಂದು ಕಡೆ, ಗಾಡಿ ಇನ್ನೊಂದು ಕಡೆ.

ಲಾಕ್ ಎಂದರೆ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಾಲಕನ ಕಸುಬು ಅಡಗಿರುವುದೇ ಇಲ್ಲಿ. ಎಡ ಬಲದ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಹಣೆಬರಹವೇ ಅಷ್ಟು, ಹಿಡಿತ ತಪ್ಪಿದ ಚಕ್ರ ಗಿರ್ರನೆ ತಿರುಗುತ್ತದೆ, ಹಿಡಿತವಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ. ಎರಡೂ ಒಟ್ಟಿಗೇ ತಿರುಗುವಂತೆ ಬಿಗಿಯುವುದೇ ಲಾಕ್. ಅದು ಇಲ್ಲದಿದ್ದರೆ ಆರು ಚಕ್ರವೂ ಬರೀ ಲೆಕ್ಕಕ್ಕೆ. ಪಿಂಟ್ಸ್‌ಗಾವರ್‌ನಲ್ಲಿ ಚಾಲಕನ ಪಕ್ಕದ ಪುಟ್ಟ ಸನ್ನೆಗಳನ್ನು ಎಳೆದರೆ ಓಡುತ್ತಿರುವಾಗಲೇ ಹೈಡ್ರಾಲಿಕ್ ಒತ್ತಡದಿಂದ ಲಾಕ್ ಬೀಳುತ್ತದೆ. ಆ ಕಾಲಕ್ಕೆ ಇದು ದೊಡ್ಡ ಸೌಕರ್ಯ. ಹೊಸಬರು ಏನು ಮಾಡುತ್ತಾರೆಂದರೆ, ಚಕ್ರ ತಿರುಗಿ ಗುಂಡಿ ತೋಡಿಕೊಂಡ ಮೇಲೆ ಸನ್ನೆಗೆ ಕೈ ಹಾಕುತ್ತಾರೆ. ಬಲ್ಲವನು ಕೆಸರಿಗೆ ಇಳಿಯುವ ಮೊದಲೇ ಎಳೆದಿರುತ್ತಾನೆ, ತಿರುವಿಗೆ ಮುಂಚೆ ಬಿಡಿಸಿರುತ್ತಾನೆ. ಕೆಸರಿನ ಆಳ ಗೊತ್ತಿಲ್ಲದಿದ್ದರೆ ಗಾಡಿಯಿಂದ ಇಳಿದು ಕೋಲು ಹಾಕಿ ನೋಡುತ್ತಾನೆ.

ಆರು ಚಕ್ರದ ನಿಜವಾದ ಅಪಾಯ ಇನ್ನೊಂದಿದೆ. ನಾಲ್ಕು ಚಕ್ರದ ಗಾಡಿ ತಪ್ಪನ್ನು ಬೇಗ ತೋರಿಸಿಕೊಡುತ್ತದೆ. ಜೌಗಿನ ಅಂಚಿನಲ್ಲೇ ಸಿಕ್ಕಿಬೀಳುತ್ತದೆ, ಹಿಂದಕ್ಕೆ ಎಳೆಯಬಹುದು. ಆರು ಚಕ್ರದ್ದು ನಟ್ಟನಡುವಿನವರೆಗೂ ಹೋಗಿಯೇ ಸಿಕ್ಕಿಬೀಳುವುದು. ಅಲ್ಲಿಂದ ಅದನ್ನು ಎತ್ತಲು ಅದಕ್ಕಿಂತ ದೊಡ್ಡದೇ ಬರಬೇಕು.

ಈ ವಿನ್ಯಾಸ ಎಲ್ಲಿ ಸೋಲುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಪಿಂಟ್ಸ್‌ಗಾವರ್ ತಯಾರಿಕೆ ಮುಂದೆ ಬ್ರಿಟನ್ನಿಗೆ ಹೋಯಿತು. ಆರು ಚಕ್ರದ ಮಾದರಿಗೆ ರಕ್ಷಾಕವಚ ಹೊದಿಸಿ, ವೆಕ್ಟರ್ ಎಂದು ಹೆಸರಿಟ್ಟು ಬ್ರಿಟಿಷ್ ಸೈನ್ಯ 2007ರಲ್ಲಿ ಅಫ್ಘಾನಿಸ್ತಾನಕ್ಕೆ ಕಳಿಸಿತು. ಕವಚದ ಭಾರಕ್ಕೆ ಸಸ್ಪೆನ್ಷನ್, ಹಬ್‌ಗಳು ತಾಳಲಿಲ್ಲ. ಚಾಲಕ ಕೂರುವುದು ಮುಂದಿನ ಚಕ್ರದ ಮೇಲೆಯೇ. ನೆಲಬಾಂಬ್ ಸಿಡಿದರೆ ಮೊದಲ ಪೆಟ್ಟು ಅವನಿಗೆ. ಸೈನ್ಯ ಅದನ್ನು ಹಿಂತೆಗೆಯಿತು. ಹಗುರವಾಗಿರುವುದರಿಂದಲೇ ಗೆದ್ದ ಗಾಡಿಗೆ ಭಾರ ಹೊರಿಸಿದವರ ತಪ್ಪು ಅದು, ಯಾವ ಚಾಲಕನ ಕೈಚಳಕವೂ ಅದನ್ನು ಸರಿಪಡಿಸಲಾರದು. 2013ರಲ್ಲಿ ಬಂದ ಮರ್ಸಿಡಿಸ್ ಜಿ63 ಎಎಂಜಿ 6x6 ನೋಡಿದಾಗಲೂ ನನಗೆ ಇದೇ ಅನುಮಾನ. ಐದು ಡಿಫ್ ಲಾಕ್, 544 ಅಶ್ವಶಕ್ತಿ ಎಲ್ಲ ಸರಿ, ತೂಕ ನಾಲ್ಕು ಟನ್ನಿನ ಹತ್ತಿರ. ಮರಳುಗಾಡಿನ ಶ್ರೀಮಂತರಿಗೆ ಒಪ್ಪಬಹುದು, ಗದ್ದೆಕೆಸರಿಗೆ ಒಪ್ಪದು.

ಕೆನಡಾದಲ್ಲಿ 1967ರಿಂದ ಬರುತ್ತಿರುವ ಆರು ಚಕ್ರದ ಆರ್ಗೋ ಇದಕ್ಕೆ ಪೂರ್ತಿ ವಿರುದ್ಧ. ಪ್ಲಾಸ್ಟಿಕ್ ತೊಟ್ಟಿಯಂಥ ಮೈ, ಸ್ಪ್ರಿಂಗ್ ಇಲ್ಲವೇ ಇಲ್ಲ, ಗಾಳಿ ಕಡಿಮೆಯಿರುವ ಉಬ್ಬು ಟಯರುಗಳೇ ಸಸ್ಪೆನ್ಷನ್. ನೀರಿಗಿಳಿದರೆ ಅದೇ ಟಯರುಗಳು ಹುಟ್ಟು ಹಾಕುತ್ತವೆ. ಒಳಪಕ್ಕದ ಎತ್ತನ್ನು ತಡೆದು ಹೊರಪಕ್ಕದ್ದನ್ನು ಬಿಟ್ಟು ಗಾಡಿ ತಿರುಗಿಸುವಂತೆ ಇಲ್ಲೂ ಒಂದು ಬದಿಯ ಚಕ್ರಗಳನ್ನು ತಡೆದು ತಿರುಗಿಸಬೇಕು. ಮೆತ್ತನೆಯ ನೆಲದಲ್ಲಿ ಹೀಗೆ ಸರಕ್ಕನೆ ತಿರುಗಿಸಿದರೆ ಮೇಲಿನ ಹುಲ್ಲುಪದರ ಹರಿದು ಗಾಡಿ ಅಲ್ಲೇ ಕೂರುತ್ತದೆ. ದೊಡ್ಡ ಸುತ್ತಿನಲ್ಲಿ, ಮೆಲ್ಲಗೆ ತಿರುಗಿಸುವ ತಾಳ್ಮೆ ಇದ್ದವರಿಗೆ ಮಾತ್ರ ಆರ್ಗೋ ಸಲ್ಲುತ್ತದೆ.

ಅತ್ಯಂತ ನುರಿತ ಚಾಲಕರು, ಅತ್ಯಂತ ಜಾಣ ಆರು ಚಕ್ರ ಎರಡೂ ಸೇರಿದರೆ ಏನಾಗುತ್ತದೆ? ಮಂಗಳನ ಮೇಲೆ ನಾಸಾದ ರೋವರ್ ಆಪರ್ಚುನಿಟಿ 2005ರ ಏಪ್ರಿಲ್‌ನಲ್ಲಿ ಮರಳಿನ ದಿಬ್ಬದಲ್ಲಿ ಹೂತುಹೋಗಿ ಐದು ವಾರ ಸಿಕ್ಕಿಕೊಂಡಿತ್ತು. ಅದರ ಜೋಡಿ ಸ್ಪಿರಿಟ್, ಒಂದು ಚಕ್ರ ಕೆಟ್ಟಮೇಲೂ ಅದನ್ನು ಎಳೆದುಕೊಂಡು ಹಿಮ್ಮುಖವಾಗಿ ವರ್ಷಗಟ್ಟಲೆ ಓಡಾಡಿ, 2009ರಲ್ಲಿ ತೆಳು ಮೇಲ್ಪದರ ಒಡೆದು ಮರಳಿಗೆ ಇಳಿಯಿತು, ಮತ್ತೆ ಏಳಲಿಲ್ಲ. ಚಂದ್ರಯಾನ-3ರ ಪ್ರಜ್ಞಾನ್‌ಗೂ ಆರು ಚಕ್ರ, ತೂಕ 26 ಕಿಲೋ. 2023ರ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಇಸ್ರೋದವರು ಇಳಿಸಿ ನೋಡೋಣ ಎನ್ನಲಿಲ್ಲ, ಬಂದ ದಾರಿಯಲ್ಲೇ ಹಿಂದಿರುಗಿಸಿದರು. ಇಡೀ ಯಾತ್ರೆಯಲ್ಲಿ ನಾನು ಮೆಚ್ಚಿದ ಚಾಲನೆ ಅದು.

ಇನ್ನು ಕೊಡಚಾದ್ರಿಯ ಜೀಪಿನವರು. ಮಳೆ ಕೊರೆದ ಜಾಡಿನಲ್ಲಿ ಚಕ್ರವನ್ನು ಕೊರಕಲಿಗೆ ಬಿಡದೆ ಏಣುಗಳ ಮೇಲೇ ನಡೆಸುತ್ತ, ಕ್ಲಚ್ ಮುಟ್ಟದೆ ಮೊದಲ ಗೇರಿನಲ್ಲೇ ಇಳಿಯುವ ಅವರಿಗೆ ನಾಲ್ಕು ಚಕ್ರ ಸಾಕಾಗಿದೆ. ಐದು ಮೀಟರ್ ಉದ್ದದ 712 ಕೊಟ್ಟರೆ ಅವರು ಮೊದಲು ಕೇಳುವುದು ತಿರುವಿನಲ್ಲಿ ಇದು ಒಂದೇ ಸಲಕ್ಕೆ ತಿರುಗುತ್ತದೆಯೇ ಎಂದು. ತಿರುಗುವುದಿಲ್ಲ.