ಶೋರೂಮಿನಲ್ಲಿ ಮುಗಿಯದ ಡೆಲಿವರಿ

ಎಲೆಕ್ಟ್ರಿಕ್ ಕಾರನ್ನು ಕಾಯ್ದಿರಿಸಿ, ಕಾದು, ಮನೆಗೆ ತರುವ ಕ್ರಮ ಪೆಟ್ರೋಲ್ ಕಾರಿನಿಂದ ಬಂದ ಬಳುವಳಿ. ಮುಂಗಡ, ಬ್ಯಾಂಕ್ ಸಾಲ, ವಿಮೆ, ನೋಂದಣಿ, ಕೊನೆಗೆ ಒಳ್ಳೆಯ ದಿನ ನೋಡಿ ಕೀ ಹಸ್ತಾಂತರ. ಪೆಟ್ರೋಲ್ ಗಾಡಿಗೆ ಇಷ್ಟು ಸಾಕು, ಏಕೆಂದರೆ ಇಂಧನದ ಹೊಣೆ ಬಂಕಿನದು. ಎಲೆಕ್ಟ್ರಿಕ್ ಕಾರಿನ ಬಂಕ್ ಇರುವುದು ಕೊಂಡವರ ಮನೆಯ ಗೋಡೆಯಲ್ಲಿ. ಆ ಗೋಡೆಯನ್ನು ನೋಡದೆ ಕೊಟ್ಟ ಕಾರು ಅರ್ಧ ಕೊಟ್ಟ ಕಾರು. ಹಾಸನ ತಾಲ್ಲೂಕಿನ ದುದ್ದದಂಥ ಹೋಬಳಿ ಕೇಂದ್ರದಲ್ಲಿ, ಪಂಪ್‌ಸೆಟ್ಟು ಮತ್ತು ಮನೆಗಳ ನಡುವೆ ವಿದ್ಯುತ್ ಹಂಚಿಹೋಗುವ ಆಲೂಗಡ್ಡೆ ಸೀಮೆಯಲ್ಲಿ, ಈ ಕೊರತೆ ನಗರಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ.

ಕರ್ನಾಟಕಕ್ಕೆ ಈ ವಾಹನ ಹೊಸದಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ 2001ರಲ್ಲೇ ರಸ್ತೆಗಿಳಿಯಿತು. ಸೀಸ-ಆಮ್ಲ ಬ್ಯಾಟರಿಯ ಆ ಪುಟ್ಟ ಕಾರು ಸುಮಾರು 80 ಕಿ.ಮೀ. ಓಡುತ್ತಿತ್ತು, ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತಿತ್ತು. 2017ರಲ್ಲಿ ರಾಜ್ಯ ತನ್ನದೇ ಎಲೆಕ್ಟ್ರಿಕ್ ವಾಹನ ನೀತಿಯನ್ನೂ ಹೊರತಂದಿತು. ಆದರೆ ಸಾಲುಗಟ್ಟಿ ಕಾಯುವ ಸ್ಥಿತಿ ಬಂದದ್ದು ಈಚೆಗೆ. ಟಾಟಾ ಟಿಯಾಗೊ ಇವಿ ಬುಕಿಂಗ್ 2022ರ ಅಕ್ಟೋಬರ್ 10ರಂದು ತೆರೆದಾಗ ಒಂದೇ ದಿನದಲ್ಲಿ 10,000 ಮಂದಿ ಹೆಸರು ಬರೆಸಿದರು. ಕಾರುಗಳು ಕೈಸೇರತೊಡಗಿದ್ದು ಮುಂದಿನ ವರ್ಷದ ಆರಂಭದಲ್ಲಿ. ಮಹೀಂದ್ರಾದ ಎರಡು ಹೊಸ ಮಾದರಿಗಳಿಗೆ 2025ರ ಫೆಬ್ರವರಿ 14ರಂದು ಮೊದಲ ದಿನವೇ 30,179 ಬುಕಿಂಗ್ ಬಂದವು. ಹೀಗೆ ತಿಂಗಳುಗಟ್ಟಲೆ ಸಿಗುವ ಅವಧಿ ಬಹುಪಾಲು ಪೋಲಾಗುತ್ತದೆ. ಗ್ರಾಹಕ ಫೋನ್ ಮಾಡುತ್ತಾನೆ, ಅತ್ತಲಿಂದ ‘ಇನ್ನೊಂದು ವಾರ ಸಾರ್’ ಎಂಬ ಉತ್ತರ ಬರುತ್ತದೆ. ನಿಜವಾಗಿ ಅದು ಮನೆಯನ್ನು ಸಜ್ಜುಗೊಳಿಸುವ ಅವಧಿಯಾಗಬೇಕಿತ್ತು.

ಸಜ್ಜು ಎಂದರೆ ಮೊದಲಿಗೆ ಲೋಡ್. ಹಳ್ಳಿಯ ಎಷ್ಟೋ ಮನೆಗಳಿಗೆ ಮಂಜೂರಾಗಿರುವುದು ಒಂದೆರಡು ಕಿಲೋವ್ಯಾಟ್. ಕಾರಿನ ಜತೆ ಬರುವ ಸಾದಾ ಚಾರ್ಜರೇ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಪೆಟ್ಟಿಗೆಗೆ 30 ಆಂಪಿಯರ್‌ಗೂ ಮೇಲೆ ಬೇಕು. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಜನರ ಬಾಯಲ್ಲಿ ಸೆಸ್ಕ್‌ನ, ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. ಹೆಚ್ಚಿದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಊರಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಚಿಕ್ಕದಿದ್ದು ಸಂಜೆ ವೋಲ್ಟೇಜ್ ಬೀಳುವುದಾದರೆ ದೊಡ್ಡ ಪೆಟ್ಟಿಗೆ ಕೂರಿಸಿಯೂ ಫಲವಿಲ್ಲ. ಅಂಥಲ್ಲಿ 15 ಆಂಪಿಯರ್ ಪ್ಲಗ್ಗಿಗೆ ಮೀಟರಿನಿಂದ ನೇರವಾಗಿ ದಪ್ಪ ವೈರ್ ಎಳೆಸಿ, ಪ್ರತ್ಯೇಕ ಎಂಸಿಬಿ ಹಾಕಿಸಿ, ಎಲ್ಲರೂ ಮಲಗಿದ ಮೇಲೆ ಚಾರ್ಜಿಗಿಡುವುದೇ ಒಳ್ಳೆಯ ದಾರಿ. 24 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಎಂಟೊಂಬತ್ತು ಗಂಟೆಯಲ್ಲಿ ತುಂಬುತ್ತದೆ. ತೋಟದ ಪಂಪ್‌ಸೆಟ್ ಲೈನಿನಿಂದ ವೈರ್ ಎಳೆಯುವ ಆಸೆ ಕೆಲವರಿಗೆ ಹುಟ್ಟಬಹುದು. ನೀರಾವರಿಗೆಂದು ಕೊಟ್ಟ ಉಚಿತ ವಿದ್ಯುತ್ತನ್ನು ಕಾರಿಗೆ ಬಳಸುವುದು ಕಾನೂನಿಗೆ ವಿರುದ್ಧ, ಪಕ್ಕದ ಹೊಲದವನಿಗೂ ಅನ್ಯಾಯ.

ಅರ್ಥಿಂಗ್ ಇನ್ನೂ ಮುಖ್ಯ. ಹಳೆಯ ಮನೆಗಳಲ್ಲಿ ಮೂರನೆಯ ವೈರ್ ಹೆಸರಿಗಷ್ಟೇ ಇರುವುದುಂಟು. ಬಲ್ಬು, ಟಿವಿ ಅದನ್ನು ಕೇಳುವುದಿಲ್ಲ. ಕಾರಿನ ಚಾರ್ಜರ್ ಕೇಳುತ್ತದೆ, ಸರಿಯಿಲ್ಲದಿದ್ದರೆ ದೋಷದ ದೀಪ ತೋರಿಸಿ ನಿಂತುಬಿಡುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ, ನೀರು ಹಾಕುತ್ತಿರಬೇಕು. ಕಾರು ಮಾರುವವರು ಈ ಒಂದು ವಿಷಯವನ್ನು ಬುಕಿಂಗ್ ದಿನವೇ ಹೇಳಿದರೆ ಅದೆಷ್ಟೋ ಕುಟುಂಬಗಳ ಮೊದಲ ರಾತ್ರಿಯ ಗಾಬರಿ ತಪ್ಪೀತು.

ಖರ್ಚಿನ ಲೆಕ್ಕದಲ್ಲಿ ಹೇಳದೆ ಬಿಡುವ ಇನ್ನೊಂದು ಸಂಗತಿ ಗೃಹಜ್ಯೋತಿ. 2023ರಿಂದ ಜಾರಿಯಲ್ಲಿರುವ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಕ್ಕೆ 40 ಕಿ.ಮೀ.ನಂತೆ 25 ದಿನ ಓಡಿದರೆ ಸಾವಿರ ಕಿ.ಮೀ.; ಯೂನಿಟ್‌ಗೆ ಆರೂವರೆ ಕಿ.ಮೀ. ಹಿಡಿದರೆ ಕಾರಿಗೇ 150 ಯೂನಿಟ್‌ಗೂ ಹೆಚ್ಚು. ಮನೆಯ ಬಳಕೆ ಸೇರಿದರೆ ಮಿತಿ ದಾಟುವುದು ಖಚಿತವೆಂದೇ ಹೇಳಬಹುದು. ಹಾಗಿದ್ದೂ ಅದೇ ದೂರಕ್ಕೆ ಸುಡುವ ಅರವತ್ತು ಲೀಟರಿನಷ್ಟು ಪೆಟ್ರೋಲಿನ ಮುಂದೆ ಈ ಬಿಲ್ ಬಹಳ ಕಡಿಮೆ. ಲಾಭ ಇದ್ದೇ ಇದೆ. ಆದರೆ ಸೊನ್ನೆ ಬಿಲ್ಲಿಗೆ ಒಗ್ಗಿದ ಮನೆಗೆ ಇದನ್ನು ಮೊದಲೇ ತಿಳಿಸುವುದು ಮಾರುವವರ ಕರ್ತವ್ಯ.

ಡೆಲಿವರಿಯ ದಿನಕ್ಕೆ ಬಂದರೆ, ಆಷಾಢದಲ್ಲಿ ಹೊಸ ಗಾಡಿ ತರಬಾರದೆಂಬ ನಂಬಿಕೆ, ಆಯುಧಪೂಜೆಗೇ ಬೇಕೆಂಬ ಹಂಬಲ ಎರಡೂ ಸೇರಿ ಕೆಲವೇ ದಿನಗಳಲ್ಲಿ ನೂಕುನುಗ್ಗಲು ಉಂಟುಮಾಡುತ್ತವೆ. ಹಬ್ಬದ ಸಂಭ್ರಮಕ್ಕೆ ಆಕ್ಷೇಪ ಬೇಕಿಲ್ಲ. ಮುಸುಕು ಸರಿಸಿ, ಕೇಕ್ ಕತ್ತರಿಸಿ, ಚಕ್ರದಡಿ ನಿಂಬೆಹಣ್ಣು ಇಡುವ ಹೊತ್ತು ಒಂದು ಸಂಸಾರದ ಹಲವು ವರ್ಷಗಳ ಉಳಿತಾಯಕ್ಕೆ ಸಲ್ಲುವ ಗೌರವ. ತೊಡಕಿರುವುದು ಆ ಗದ್ದಲದಲ್ಲಿ ತಪಾಸಣೆ ಮರೆಯುವುದರಲ್ಲಿ. ಹಿಂದಿನ ದಿನವೇ ಶೋರೂಮಿಗೆ ಹೋಗಿ ಕಾರು ತಯಾರಾದ ತಿಂಗಳನ್ನು ನೋಡಬೇಕು. ಯಾರ್ಡಿನಲ್ಲಿ ಬಹುಕಾಲ ನಿಂತಿದ್ದರೆ ದೊಡ್ಡ ಬ್ಯಾಟರಿಗಿಂತ ಮೊದಲು ಸೊರಗುವುದು 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಸತ್ತರೆ ಕಾರು ಏಳುವುದೇ ಇಲ್ಲ. ಚಾರ್ಜಿಂಗ್ ಕೇಬಲ್ಲನ್ನು ಅಲ್ಲೇ ಚುಚ್ಚಿ ನೋಡಬೇಕು. ಸ್ಟೆಪ್ನಿ ಇದೆಯೋ, ಪಂಕ್ಚರ್ ಕಿಟ್ ಮಾತ್ರವೋ ಎಂದು ಕೇಳಬೇಕು; ರಾತ್ರಿ ಸಕಲೇಶಪುರದಾಚೆ ಶಿರಾಡಿ ಘಾಟಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹಸಿರು ನಂಬರ್ ಪ್ಲೇಟು, ಕೆಎ-13ರ ನೋಂದಣಿ ಸಾಮಾನ್ಯವಾಗಿ ತೊಡಕಿಲ್ಲದೆ ಆಗುತ್ತವೆ.

ಶೋರೂಮಿನ ವಿವರಣೆ ಎಡವುವುದು ದೂರದ ಅಂಕಿಯಲ್ಲಿ. ಪ್ರಯೋಗಾಲಯದ ಪರೀಕ್ಷೆಯಲ್ಲಿ 315 ಕಿ.ಮೀ. ಎಂದು ಸಾರಿದ ದೊಡ್ಡ ಬ್ಯಾಟರಿಯ ಟಿಯಾಗೊ ರಸ್ತೆಯಲ್ಲಿ 200ರ ಆಸುಪಾಸಿಗೆ ಇಳಿಯುತ್ತದೆ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ. ಚನ್ನರಾಯಪಟ್ಟಣ ದಾಟಿ ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದಷ್ಟೂ ಬ್ಯಾಟರಿ ಬೇಗ ಕರಗುತ್ತದೆ, ನಡುವೆ ಒಮ್ಮೆ ನಿಲ್ಲಲೇಬೇಕು. ಹೊಳೆನರಸೀಪುರ, ಅರಕಲಗೂಡು ಸುತ್ತಿ ಬರುವವರಿಗೆ ಮನೆಯ ಚಾರ್ಜೇ ಸಾಕು. ಇಬ್ಬರಿಗೂ ಒಂದೇ ಅಂಕಿ ಹೇಳಿ ಕಳುಹಿಸುವುದು ಸರಿಯಲ್ಲ.

ಮನೆ ಚಾರ್ಜರ್ ಅಳವಡಿಕೆಯನ್ನು ಬೆಲೆಯಲ್ಲೇ ಸೇರಿಸಿ ಕೊಡುವ ಕಂಪನಿಗಳಿವೆ. ಆದರೆ ಎಲೆಕ್ಟ್ರಿಷಿಯನ್ ಕಾರಿನ ಹಿಂದೆ ಬಂದರೆ ಅದರ ಅರ್ಧ ಪ್ರಯೋಜನ ಹೋಯಿತು. ಡೆಲಿವರಿ ದಿನಾಂಕ ಗೊತ್ತಾಗುವ ಮೊದಲೇ ಅವರು ದುದ್ದದ ಮನೆಗೆ ಬಂದು, ಸಂಜೆಯ ವೋಲ್ಟೇಜನ್ನೂ ಅರ್ಥಿಂಗನ್ನೂ ಅಳೆದು, ಲೋಡ್ ಅರ್ಜಿಗೆ ನೆರವಾಗಿ ಹೋಗಬೇಕು. ಕಾರು ಬಂದ ರಾತ್ರಿ ಪೂರ್ತಿ ಚಾರ್ಜಿಗಿಟ್ಟು, ಮೊದಲ ಒಂದು ಗಂಟೆಯಲ್ಲಿ ಪ್ಲಗ್ ಬಿಸಿಯಾಗುತ್ತಿದೆಯೇ ಎಂದು ಮುಟ್ಟಿ ನೋಡಬೇಕು. ಕೈ ಸುಡುವಷ್ಟು ಬಿಸಿಯಾದರೆ ಚಾರ್ಜ್ ನಿಲ್ಲಿಸಿ, ಬೆಳಿಗ್ಗೆ ಸಾಕೆಟ್ ಬದಲಿಸಿದ ಮೇಲೆಯೇ ಮತ್ತೆ ಹಚ್ಚಬೇಕು.