ಮಾತಾಡದ ದನಗಾಹಿಗಳು

ಗ್ಯಾರೆಟ್ ಹಾರ್ಡಿನ್ ಕಲ್ಪಿಸಿದ ಹುಲ್ಲುಗಾವಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. 1968ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವನ ‘ದಿ ಟ್ರಾಜೆಡಿ ಆಫ್ ದಿ ಕಾಮನ್ಸ್’ ಓದುವಾಗಲೆಲ್ಲ ನನಗೆ ಮೊದಲು ಕಾಣುವುದು ಆ ಮೌನ. ಎಲ್ಲರಿಗೂ ಸೇರಿದ ಮೇವಿನ ನೆಲ. ಪ್ರತಿಯೊಬ್ಬ ದನಗಾಹಿಯೂ ಇನ್ನೊಂದು, ಮತ್ತೊಂದು ದನ ಬಿಡುತ್ತಾನೆ. ಲಾಭ ಅವನೊಬ್ಬನದು, ನಷ್ಟ ಊರಿಗೆಲ್ಲ ಹಂಚಿಕೆ. ಕೊನೆಗೆ ನೆಲ ಬೋಳು. ಲೆಕ್ಕವೇನೋ ಸರಿ. ಆದರೆ ‘ನಿನ್ನ ಎಮ್ಮೆ ಇತ್ತ ಯಾಕೆ ಬಂತು’ ಎಂದು ಕಾಲು ಕೆರೆದು ಜಗಳಕ್ಕೆ ನಿಲ್ಲುವ ಒಬ್ಬ ನೆರೆಯವನೂ ಅಲ್ಲಿಲ್ಲ. ಗೋಮಾಳದ ಜಗಳ ಕಂಡವರು ಇದನ್ನು ಹೇಗೆ ನಂಬಿಯಾರು?

ಹಾರ್ಡಿನ್ ಜೀವವಿಜ್ಞಾನಿ, ಪ್ರಬಂಧದ ನಿಜವಾದ ಗುರಿ ದನವಲ್ಲ, ಜನಸಂಖ್ಯೆ. ಮನುಷ್ಯರೆಂದರೆ ತಿನ್ನುವ ಬಾಯಿಗಳು ಎಂದು ಹಿಡಿದುಕೊಂಡರೆ ಪರಿಹಾರವೂ ಅದೇ ಜಾಡಿನಲ್ಲಿ ಹೋಗುತ್ತದೆ. 1974ರಲ್ಲಿ ಅವನು ಶ್ರೀಮಂತ ದೇಶಗಳನ್ನು ಜೀವರಕ್ಷಕ ದೋಣಿಗೆ ಹೋಲಿಸಿ, ನೀರಿನಲ್ಲಿ ಈಜುತ್ತಿರುವ ಬಡವರನ್ನು ಹತ್ತಿಸಿಕೊಳ್ಳಬಾರದು ಎಂದು ವಾದಿಸಿದ. ಹವಾಮಾನದ ಚರ್ಚೆಯಲ್ಲಿ ಇಂದಿಗೂ ‘ಜನ ಜಾಸ್ತಿಯಾದರು’ ಎಂಬ ಮಾತು ಕೇಳಿದಾಗ ಆ ದೋಣಿ ನೆನಪಾಗುತ್ತದೆ. ಒಬ್ಬ ಅಮೆರಿಕನ್ನನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಒಬ್ಬ ಭಾರತೀಯನ ಪಾಲಿಗೆ ಸುಮಾರು 2 ಟನ್. ತಲೆ ಎಣಿಸುತ್ತ ಕೂತವರಿಗೆ ಈ ಅಂತರ ಕಾಣುವುದಿಲ್ಲ.

ಹಾರ್ಡಿನ್‌ಗೆ ಗಟ್ಟಿ ಉತ್ತರ ಕೊಟ್ಟವಳು ಎಲಿನಾರ್ ಆಸ್ಟ್ರಮ್. ಅವಳು ಹುಲ್ಲುಗಾವಲನ್ನು ಕಲ್ಪಿಸಿಕೊಳ್ಳಲಿಲ್ಲ, ನಿಜವಾದ ಹುಲ್ಲುಗಾವಲುಗಳ ದಾಖಲೆ ಹುಡುಕಿದಳು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಿಂದಲೂ ಒಂದು ಕಟ್ಟಳೆ: ಚಳಿಗಾಲದಲ್ಲಿ ಮನೆಯಲ್ಲಿ ಎಷ್ಟು ಹಸು ಸಾಕಬಲ್ಲಿರೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಹೊಡೆಯಿರಿ. ಇಂಥ ಉದಾಹರಣೆಗಳನ್ನು ಪೋಣಿಸಿ ಅವಳು 1990ರಲ್ಲಿ ‘ಗವರ್ನಿಂಗ್ ದಿ ಕಾಮನ್ಸ್’ ಬರೆದಳು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದಳು. (ತಾನು ಹೇಳಬೇಕಿದ್ದದ್ದು ‘ನಿರ್ವಹಣೆಯಿಲ್ಲದ’ ನೆಲದ ಕತೆ ಎಂದು 1998ರಲ್ಲಿ ಹಾರ್ಡಿನ್ನನೇ ಒಪ್ಪಿಕೊಂಡ. ಅಷ್ಟರಲ್ಲಿ ಅವನ ಹಳೆಯ ಶೀರ್ಷಿಕೆ ಗಾದೆಯಾಗಿಬಿಟ್ಟಿತ್ತು.) ಹವಾಮಾನಕ್ಕೂ ಒಂದೇ ಜಾಗತಿಕ ಒಪ್ಪಂದವನ್ನು ಕಾಯುತ್ತ ಕೂರದೆ ಊರು, ನಗರ, ರಾಜ್ಯ ಎಲ್ಲ ಮಟ್ಟದಲ್ಲೂ ಕೈ ಹಾಕಬೇಕು ಎಂದಳು. ಇಲ್ಲಿ ಮಾತ್ರ ನನಗೆ ತಕರಾರಿದೆ. ಟೋರ್ಬೆಲ್‌ನವರು ದಿನಾ ಮುಖ ನೋಡಿಕೊಳ್ಳುವವರು. ಕಲ್ಲಿದ್ದಲು ಸುಡುವವನೂ ಅದರಿಂದ ಬರಗಾಲ ಉಣ್ಣುವವನೂ ಯಾವ ಕಟ್ಟೆಯ ಮೇಲೂ ಎದುರುಬದುರು ಕೂರುವುದಿಲ್ಲ.

ಆದರೂ ಅವಳ ಬರಹದಿಂದ ಏಳುವ, ಯಾರನ್ನು ಮಾತಿಗೆ ಕರೆದೆವು ಎಂಬ ಪ್ರಶ್ನೆ ನಮ್ಮ ಪಾವಗಡದ ಸೌರ ಪಾರ್ಕಿಗೆ ಸರಿಯಾಗಿ ತಾಗುತ್ತದೆ. ಸುಮಾರು 13,000 ಎಕರೆ, 2,050 ಮೆಗಾವಾಟ್ ಸೌರ ವಿದ್ಯುತ್. ಅಲ್ಲಿ ರೈತರ ಜಮೀನನ್ನು ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಮಳೆ ನಂಬಿ ಶೇಂಗಾ ಬಿತ್ತಿ ಸೋತವನಿಗೆ ಇದು ಸಣ್ಣ ಸಂಗತಿಯಲ್ಲ. ರೈತನನ್ನು ಅಡ್ಡಿ ಎನ್ನದೆ ಒಡೆಯ ಎಂದು ಕಂಡ ಯೋಜನೆ ಇದು, ಅದನ್ನು ಮೆಚ್ಚಲೇಬೇಕು. ಆದರೆ ಒಡೆತನವನ್ನು ಓದಿದ್ದು ಪಹಣಿಯಲ್ಲಿ. ಅದೇ ಹೊಲಗಳಲ್ಲಿ ಕೂಲಿ ಮಾಡಿದವರ, ಕೊಯ್ಲಾದ ಮೇಲೆ ಅಲ್ಲಿ ಕುರಿ ಬಿಡುತ್ತಿದ್ದವರ ಹೆಸರು ಪಹಣಿಯಲ್ಲಿ ಇರಲಿಲ್ಲ, ಗುತ್ತಿಗೆ ಪತ್ರದಲ್ಲೂ ಬರಲಿಲ್ಲ. ಬೇಲಿ ಎದ್ದ ಮೇಲೆ ಅವರು ಕುರಿಗಳನ್ನು ಹೊಡೆದುಕೊಂಡು ಸುತ್ತಿ ಬಳಸಿ ಹೋಗಬೇಕಾಯಿತು.