ಹಳದಿ ಪಿನ್ನಿನಿಂದ ಎಚ್‌ಡಿಎಂಐವರೆಗೆ: ವೈರು ಬದಲಿಸಿದರೆ ಚಿತ್ರ ಬದಲಾದೀತೇ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮನೆಗಳಲ್ಲಿ ಹಳೆಯ ಡಬ್ಬಾ ಟಿವಿ ಹೋಗಿ ಗೋಡೆಗೆ ತೂಗುವ ಎಲ್‌ಇಡಿ ಟಿವಿ ಬಂದ ಮೇಲೆ ಗೇಮ್ ಆಡುವವರಿಗೆ ಕಾದಿರುವ ನಿರಾಸೆ ಒಂದೇ ಬಗೆಯದು. ಪರದೆ ದೊಡ್ಡದಾಯಿತು, ಚಿತ್ರ ಮಾತ್ರ ಮೊದಲಿಗಿಂತ ಮಸುಕಾಯಿತು. ತಪ್ಪು ವೈರಿನದೇ ಇರಬೇಕೆಂದು ಅಂಗಡಿಗೆ ಹೋದರೆ ಚಿನ್ನದ ಲೇಪ, 4ಕೆ, 8ಕೆ ಎಂದು ಅಚ್ಚು ಹಾಕಿದ ಪೊಟ್ಟಣಗಳು ಸಾಲಾಗಿ ತೂಗುತ್ತಿರುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೈರು ಬದಲಿಸಿದಾಗ ಸಿಗ್ನಲ್‌ನ ಜಾತಿಯೇ ಬದಲಾದರೆ ಚಿತ್ರ ನಿಜವಾಗಿ ಸುಧಾರಿಸುತ್ತದೆ. ಜಾತಿ ಅದೇ ಉಳಿದು ಬೆಲೆಯಷ್ಟೇ ಏರಿದರೆ ಕೊಟ್ಟ ಹಣ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಊರು ಚಿಕ್ಕದಾದಷ್ಟೂ ಈ ವ್ಯತ್ಯಾಸ ತಿಳಿದಿರುವುದು ಹೆಚ್ಚು ಮುಖ್ಯ. ತಪ್ಪು ವೈರು ತಂದ ಜೋಯಿಡಾದ ಹಳ್ಳಿಯವರು ಅದನ್ನು ಬದಲಿಸಲು ದಾಂಡೇಲಿಗೋ ಧಾರವಾಡಕ್ಕೋ ಮತ್ತೆ ಬಸ್ಸು ಹತ್ತಬೇಕು. ಮುಂಡಗೋಡದವರಿಗೆ ಹುಬ್ಬಳ್ಳಿಯ ದಾರಿ.

ಹಳದಿ ಪಿನ್ನಿನ ಎವಿ ವೈರಿನಿಂದಲೇ ಶುರುಮಾಡೋಣ. ಬಿಳಿ, ಕೆಂಪು ಪಿನ್ನುಗಳು ಧ್ವನಿಗೆ. ಇಡೀ ಚಿತ್ರ ಬರುವುದು ಹಳದಿಯೊಂದರಲ್ಲೇ. ಬೆಳಕಿನ ವಿವರ ಮತ್ತು ಬಣ್ಣದ ವಿವರ ಎರಡನ್ನೂ ಬೆರೆಸಿ ಒಂದೇ ತಂತಿಯಲ್ಲಿ ಕಳಿಸುವ ವ್ಯವಸ್ಥೆ ಅದು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಬಣ್ಣ ಸುಮಾರು 4.43 ಮೆಗಾಹರ್ಟ್ಸ್‌ನ ಅಲೆಯ ಮೇಲೆ ಸವಾರಿ ಮಾಡುತ್ತದೆ. ಚಿತ್ರದ ಸಣ್ಣ ಗೆರೆಗಳ ವಿವರವೂ ಅದೇ ಆಸುಪಾಸಿಗೆ ಬರುವುದರಿಂದ ಟಿವಿಗೆ ಎರಡನ್ನೂ ಪೂರ್ತಿಯಾಗಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ಹರಿದಾಡುವುದು, ಸಣ್ಣ ಪಟ್ಟೆಗಳ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡುವುದು ಇದರಿಂದಲೇ. ಹಾಲಿಗೆ ನೀರು ಬೆರೆತ ಮೇಲೆ ಪಾತ್ರೆ ಬದಲಿಸಿದರೆ ನೀರು ಬೇರೆಯಾಗದು; ದುಬಾರಿ ಹಳದಿ ವೈರಿನ ಕಥೆಯೂ ಅಷ್ಟೇ. ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದ, ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ‘ಟಿವಿ ಗೇಮ್’ಗಳು ನಿಂಟೆಂಡೊ ಯಂತ್ರದ ನಕಲುಗಳು. ಆ ಯಂತ್ರದ ಚಿತ್ರದ ಚಿಪ್ಪು ತನ್ನೊಳಗೇ ಬೆಳಕು ಬಣ್ಣಗಳನ್ನು ಬೆರೆಸಿ ಹೊರಗೆ ಬಿಡುತ್ತದೆ. ಆಂಟೆನಾ ತೂತಿಗೆ ಸಿಕ್ಕಿಸಿ ಚಾನೆಲ್ ಟ್ಯೂನ್ ಮಾಡುವುದನ್ನು ಬಿಟ್ಟು ಎವಿ ವೈರಿಗೆ ಬಂದರೆ ಮುಳ್ಳುಮುಳ್ಳು ಚಿತ್ರ ತಿಳಿಯಾಗುತ್ತದೆ. ಅಲ್ಲಿಂದಾಚೆ ಚಿಪ್ಪಿನ ಕೆಲಸಕ್ಕೇ ಕೈಹಾಕದೆ, ಬರೀ ವೈರಿನಿಂದ ಏನೂ ಆಗದು.

ಪ್ಲೇಸ್ಟೇಷನ್ 2ರ ಸಂಗತಿ ಬೇರೆ. ಅದರೊಳಗೆ ಬೆಳಕೂ ಬಣ್ಣವೂ ಬೇರೆಬೇರೆಯಾಗಿ ಸಿಗುತ್ತವೆ. ಪೆಟ್ಟಿಗೆಯಲ್ಲಿ ಕೊಟ್ಟ ಹಳದಿ ವೈರಿನಲ್ಲಷ್ಟೇ ಅವು ಬೆರೆತು ಸಾಗುತ್ತವೆ. ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೊನೆಂಟ್ ವೈರು ಹಾಕಿದರೆ ಅವು ಬೇರೆಯಾಗಿಯೇ ಟಿವಿ ತಲುಪುತ್ತವೆ. ವೈರಿಗೆ ಕೊಟ್ಟ ಹಣ ಪೂರ್ತಿ ಕಣ್ಣಿಗೆ ಕಾಣುವ ಜಾಗ ಇದು. ಆದರೆ ಎಡವುವುದೂ ಇಲ್ಲೇ. ಐದು ಪಿನ್ನುಗಳಲ್ಲಿ ಕೆಂಪು ಎರಡು: ಒಂದು ಚಿತ್ರದ್ದು, ಇನ್ನೊಂದು ಧ್ವನಿಯದು. ಅದಲುಬದಲಾದರೆ ಬಣ್ಣವೂ ಕೆಡುತ್ತದೆ, ಒಂದು ಕಡೆಯ ಧ್ವನಿಯೂ ಹೋಗುತ್ತದೆ. ಜೊತೆಗೆ ಕನ್ಸೋಲ್‌ನ ಸೆಟ್ಟಿಂಗ್‌ನಲ್ಲಿ ಕಾಂಪೊನೆಂಟ್ ಔಟ್ ಎಂಬಲ್ಲಿ ಆರ್‌ಜಿಬಿ ಬಿಟ್ಟು ವೈ ಎಂದು ಶುರುವಾಗುವ ಇನ್ನೊಂದು ಆಯ್ಕೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪರದೆಯೆಲ್ಲ ಹಸಿರಾಗಿ, ವೈರೇ ಕೆಟ್ಟದ್ದೆಂದು ಅಂಗಡಿಗೆ ಮರಳಿಸುವಂತಾಗುತ್ತದೆ. ಹಳದಿ ವೈರಿನಲ್ಲೇ ಈ ಸೆಟ್ಟಿಂಗ್ ಬದಲಿಸಿಕೊಂಡು ಆಮೇಲೆ ಹೊಸ ವೈರು ಸಿಕ್ಕಿಸುವುದು ಸರಿಯಾದ ಕ್ರಮ. 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ. ಯಂತ್ರದಲ್ಲಿ ಎಚ್‌ಡಿಎಂಐ ತೂತಿದ್ದರೂ ಪೆಟ್ಟಿಗೆಯಲ್ಲಿ ಕೊಟ್ಟದ್ದು ಹಳದಿ ಪಿನ್ನಿನ ವೈರು. 1080 ಸಾಲುಗಳ ಚಿತ್ರ ಕೊಡಬಲ್ಲ ಯಂತ್ರವನ್ನು ಹೆಚ್ಚೆಂದರೆ 576 ಸಾಲುಗಳಿಗೆ ಕಟ್ಟಿಹಾಕುವ ವೈರದು. ಅಂಥ ಮನೆಯಲ್ಲಿ ಸಾಮಾನ್ಯ ಎಚ್‌ಡಿಎಂಐ ವೈರೊಂದು ಮಾಡುವಷ್ಟು ಸುಧಾರಣೆಯನ್ನು ಬೇರೆ ಯಾವ ಖರ್ಚೂ ಮಾಡದು.

ಇದಕ್ಕೆ ತಿಳಿದವರದೇ ಒಂದು ಆಕ್ಷೇಪವಿದೆ: ಹಳೆಯ ಆಟಗಳನ್ನು ಮಾಡಿದವರೇ ಹಳದಿ ವೈರಿನ ಮಸುಕನ್ನು ಲೆಕ್ಕಕ್ಕೆ ಹಿಡಿದಿದ್ದರು, ಅದನ್ನು ತೆಗೆದರೆ ಚಿತ್ರವೇ ತಪ್ಪಾಗುತ್ತದೆ. ಮಾತಿನಲ್ಲಿ ಹುರುಳಿದೆ. 1991ರ ‘ಸೋನಿಕ್’ ಆಟದ ಜಲಪಾತ ಉದ್ದುದ್ದ ಪಟ್ಟೆಗಳಿಂದಾದದ್ದು. ಹಳದಿ ವೈರಿನಲ್ಲಿ ಪಟ್ಟೆಗಳು ಕಲೆತು ನೀರು ಪಾರದರ್ಶಕವಾಗಿ ಕಾಣುತ್ತದೆ. ಬಣ್ಣಗಳನ್ನು ಬೇರೆಬೇರೆಯಾಗಿ ಸಾಗಿಸುವ ಆರ್‌ಜಿಬಿ ವೈರಿನಲ್ಲಿ ಪಟ್ಟೆ ಪಟ್ಟೆಯಾಗಿಯೇ ಉಳಿಯುತ್ತದೆ. ಆ ಕಾಲದ ಆಟವನ್ನು ಆ ಕಾಲದ ಡಬ್ಬಾ ಟಿವಿಯಲ್ಲೇ ಆಡುವವರಿಗೆ ನಾನು ವೈರು ಬದಲಿಸಿ ಎನ್ನುವುದಿಲ್ಲ. ಆದರೆ ಈ ವಾದ ಹೊಸ ಟಿವಿಗೆ ಒಗ್ಗದು. ಎಲ್‌ಇಡಿ ಪರದೆ ಮಸುಕನ್ನು ಹಿತವಾಗಿ ಬೆರೆಸುವುದಿಲ್ಲ; ಹಿಗ್ಗಿಸಿ, ಚುಕ್ಕಿಗಳ ಸಮೇತ ಎತ್ತಿ ತೋರಿಸುತ್ತದೆ. ಓಡುವುದು, ಜಿಗಿಯುವುದಕ್ಕಿಂತ ಓದುವುದೇ ಹೆಚ್ಚಿರುವ ಆಟಗಳಲ್ಲಂತೂ ಕಣ್ಣು ಸೋಲುತ್ತದೆ.

ಹಳದಿ ಪಿನ್ನಿನ ತೂತೇ ಇಲ್ಲದ ಹೊಸ ಟಿವಿಗೆಂದು ಅಂಗೈಯಗಲದ ಕನ್ವರ್ಟರ್ ಡಬ್ಬಿ ಮಾರುತ್ತಾರೆ. ಒಂದು ಕಡೆ ಎವಿ, ಇನ್ನೊಂದು ಕಡೆ ಎಚ್‌ಡಿಎಂಐ. ಇದನ್ನು ಅಪ್‌ಗ್ರೇಡ್ ಎಂದು ಮಾರುವುದನ್ನು ನಾನು ಒಪ್ಪಲಾರೆ. ಬೆರೆತುಹೋದ ಸಿಗ್ನಲ್ಲನ್ನೇ ಅದು 1080 ಎಂಬ ಹೆಸರಿಗೆ ಹಿಗ್ಗಿಸುತ್ತದೆ. ಹಳೆಯ ಆಟಗಳ 240 ಸಾಲಿನ ಚಿತ್ರವನ್ನು ಟಿವಿ ಪ್ರಸಾರದ ಹೆಣೆದ ಸಾಲುಗಳೆಂದು ತಪ್ಪು ತಿಳಿದು ಕಲಸುವುದೂ ಉಂಟು. ಆಗ ಮಿನುಗುವ ನೆರಳುಗಳು ಮಾಯವಾಗುತ್ತವೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಹಾರುವುದಕ್ಕೂ ನಡುವೆ ಕ್ಷಣದ ವಿಳಂಬವೂ ಸೇರಬಹುದು. ಬೇರೆ ದಾರಿ ಇಲ್ಲದವರು ಕೊಳ್ಳಲಿ, ಚಿತ್ರ ಸುಧಾರಿಸೀತೆಂದು ಮಾತ್ರ ಯಾರೂ ಕೊಳ್ಳಬಾರದು. ಕೊಳ್ಳುವ ಮೊದಲು ಟಿವಿಯ ಹಿಂಬದಿ ನೋಡಬೇಕು. ಎಷ್ಟೋ ಟಿವಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ತೂತು ಇಟ್ಟಿರುತ್ತಾರೆ, ಅಥವಾ ಇಯರ್‌ಫೋನ್ ಪಿನ್ನಿಗಿರುವಂಥ ಸಣ್ಣ ತೂತಿರುತ್ತದೆ; ಆಗ ಡಬ್ಬಿಯೇ ಬೇಕಾಗುವುದಿಲ್ಲ.

ಎಚ್‌ಡಿಎಂಐ ತಲುಪಿದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಹರಿಯುವುದು ಅಂಕಿಗಳು. ಅಂಕಿಗಳು ಸರಿಯಾಗಿ ತಲುಪಿದರೆ ಚಿತ್ರ ಒಂದೇ. ತಲುಪದಿದ್ದರೆ ಬಿಳಿ ಕಿಡಿಗಳು ಕಾಣುತ್ತವೆ, ಪರದೆ ಕಪ್ಪಾಗುತ್ತದೆ. ದುಬಾರಿ ವೈರಿನಲ್ಲಿ ಬಣ್ಣ ಗಾಢವಾಗುತ್ತದೆ ಎನ್ನುವವರ ಅನುಭವ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ವೈರು ಬದಲಿಸುವಾಗ ಬಹಳ ಸಲ ತೂತೂ ಬದಲಾಗಿರುತ್ತದೆ, ಟಿವಿ ಪ್ರತಿ ತೂತಿಗೂ ಬೇರೆ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಸಾಮರ್ಥ್ಯ. ಸೆಕೆಂಡಿಗೆ 60 ಚಿತ್ರಗಳ 4ಕೆಗೆ 18 ಗಿಗಾಬಿಟ್‌ನ ವೈರು ಸಾಕು. 120 ಚಿತ್ರಗಳ 4ಕೆ ಬೇಕಾದರೆ 48 ಗಿಗಾಬಿಟ್‌ನದು, ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಚೀಟಿ ಇರುವಂಥದ್ದು. 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5ರ ಪೆಟ್ಟಿಗೆಯಲ್ಲೇ ಅಂಥ ವೈರಿದೆ. ಅದನ್ನು ಬದಿಗಿಟ್ಟು ಬೇರೆ ಕೊಳ್ಳಲು ಉದ್ದ ಸಾಲದು ಎಂಬುದರ ಹೊರತು ಕಾರಣವೇ ಇಲ್ಲ. ಅದಕ್ಕಿಂತ ಮೊದಲು ಟಿವಿ ಮೆನುವಿನಲ್ಲಿ ಕನ್ಸೋಲ್ ಸಿಕ್ಕಿಸಿದ ತೂತಿನ ‘ಎನ್‌ಹ್ಯಾನ್ಸ್ಡ್’ ಆಯ್ಕೆ, ಗೇಮ್ ಮೋಡ್ ಎರಡನ್ನೂ ಆನ್ ಮಾಡಿ ನೋಡಬೇಕು. ಇದಕ್ಕೆ ಬಿಡಿಗಾಸೂ ಬೇಡ, ಫಲ ಮಾತ್ರ ಹೊಸ ವೈರಿಗಿಂತ ಹೆಚ್ಚು.

ಚಿನ್ನದ ಲೇಪದ ಪರವಾಗಿ ನಮ್ಮ ಸೀಮೆಯಲ್ಲಿ ಒಂದು ಗಟ್ಟಿ ವಾದವಿದೆ, ಅದು ಮಳೆ. ಹಳಿಯಾಳ, ಮುಂಡಗೋಡಗಳು ಬಯಲುಸೀಮೆಯ ಅಂಚಿನವು. ಆದರೆ ಜೋಯಿಡಾ, ದಾಂಡೇಲಿಯ ಕಾಡಂಚಿನ ಮನೆಗಳಲ್ಲಿ ಮಳೆಗಾಲವೆಲ್ಲ ಗೋಡೆಯೇ ಬೆವರುತ್ತದೆ. ಪಿನ್ನಿಗೆ ಕಿಲುಬು ಹಿಡಿದು ಬಣ್ಣ ಹೋಗಿಬಂದು ಮಾಡುವುದು ಅಲ್ಲಿ ಸಾಮಾನ್ಯ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ನಿಜ. ಆದರೆ ತೆಳು ಲೇಪ ಕೆಲವು ನೂರು ರೂಪಾಯಿಯ ವೈರಿಗೂ ಇರುತ್ತದೆ, ಅದಕ್ಕಾಗಿ ಸಾವಿರಗಳು ಬೇಕಿಲ್ಲ. ಹಳೆಯ ಕನ್ಸೋಲ್‌ನ ತೂತಿನೊಳಗಿನ ಕಿಲುಬನ್ನು ಹೊಸ ಪಿನ್ನು ಕಳೆಯುವುದೂ ಇಲ್ಲ. ಯಂತ್ರ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ, ಒಣಗಿದ ಮೇಲೆ ನಾಲ್ಕಾರು ಸಲ ಸಿಕ್ಕಿಸಿ ತೆಗೆದರೆ ಎಷ್ಟೋ ವೈರುಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಇನ್ನು ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಮುಂದೆ ಯಾವ ಬೆಲೆಯ ವೈರೂ ನಿಲ್ಲದು. ಸಿಡಿಲಿನ ಹೊಡೆತ ಡಿಶ್ ವೈರಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡಿಗೆ, ಕೊನೆಗೆ ಕನ್ಸೋಲಿಗೂ ತಲುಪಬಹುದು. ಮೋಡ ಕವಿಯುವಾಗಲೇ ಪ್ಲಗ್ಗಿನ ಜೊತೆಗೆ ಡಿಶ್ ವೈರನ್ನೂ ಎಚ್‌ಡಿಎಂಐ ವೈರನ್ನೂ ಕಳಚಿಡಬೇಕು. ಎಚ್‌ಡಿಎಂಐ ತೂತು ಟಿವಿಯ ಮುಖ್ಯ ಬೋರ್ಡಿಗೇ ಬೆಸೆದಿರುವುದರಿಂದ, ಅದು ಸುಟ್ಟರೆ ಬೋರ್ಡನ್ನೇ ಬದಲಿಸುವ ಖರ್ಚು ಬೀಳುತ್ತದೆ.